ಮೀನಿಗಿಂತ ಮೊದಲು ನೀರನ್ನು ಸಾಕಬೇಕು

ಬೆಳಿಗ್ಗೆ ಕೊಳದ ಬಳಿ ಹೋದಾಗ ಅಂಚಿನಲ್ಲಿ ಹತ್ತಿಪ್ಪತ್ತು ಮೀನು ಹೊಟ್ಟೆ ಮೇಲಾಗಿ ತೇಲುತ್ತಿದ್ದರೆ ಸಾಕಿದವರ ಬಾಯಲ್ಲಿ ಮೊದಲು ಬರುವ ಮಾತು ‘ಯಾವ ರೋಗ ಬಂತೋ’ ಎಂಬುದೇ. ಮೈಮೇಲೆ ಕೆಂಪು ಕಲೆ, ಕೊಳೆತ ರೆಕ್ಕೆ, ಉಬ್ಬಿದ ಹೊಟ್ಟೆ ಕಂಡರೆ ಅನುಮಾನ ಇನ್ನಷ್ಟು ಗಟ್ಟಿಯಾಗುತ್ತದೆ. ಆ ಮೀನನ್ನು ಪ್ರಯೋಗಾಲಯಕ್ಕೆ ಒಯ್ದರೆ ಅಲ್ಲಿ ಬ್ಯಾಕ್ಟೀರಿಯಾ ಸಿಗುವುದೂ ಹೆಚ್ಚುಕಡಿಮೆ ಖಚಿತ. ಸಿಹಿನೀರಿನ ಕಾಟ್ಲಾ, ರೋಹು, ಸಾಮಾನ್ಯ ಗೆಂಡೆಯಾದರೆ ಅನೇಕ ಸಲ ಅದರ ಹೆಸರು ಏರೋಮೊನಾಸ್ ಹೈಡ್ರೋಫಿಲಾ. ಅಪರಾಧಿ ಸಿಕ್ಕಿದ ಮೇಲೆ ಮುಂದಿನ ಕೆಲಸ ಸುಲಭ ಅನ್ನಿಸುತ್ತದೆ: ಅಂಗಡಿಗೆ ಹೋಗಿ ಆ್ಯಂಟಿಬಯಾಟಿಕ್ ತಂದು ಮೇವಿಗೆ ಬೆರೆಸುವುದು. ಆದರೆ ಈ ಲೆಕ್ಕಾಚಾರದಲ್ಲಿ ದೊಡ್ಡದೊಂದು ಬಿರುಕಿದೆ. ಏರೋಮೊನಾಸ್ ಇರುವುದು ಸತ್ತ ಮೀನಿನ ಮೈಯಲ್ಲಿ ಮಾತ್ರವಲ್ಲ. ಅದೇ ಕೊಳದಲ್ಲಿ ಚೆನ್ನಾಗಿ ಈಜುತ್ತಿರುವ ಮೀನಿನ ಕರುಳಿನಲ್ಲಿ, ನೀರಿನಲ್ಲಿ, ಕೆಸರಿನಲ್ಲಿ, ಪಕ್ಕದ ಕೆರೆಯಲ್ಲಿ, ಹೊಳೆಯಲ್ಲಿ ಅದು ವರ್ಷವಿಡೀ ಇರುತ್ತದೆ. ನಿನ್ನೆಯೂ ಇತ್ತು, ನಿನ್ನೆ ಮೀನು ಸಾಯಲಿಲ್ಲ. ಹಾಗಾದರೆ ನಿನ್ನೆಗೂ ಇವತ್ತಿಗೂ ನಡುವೆ ಬದಲಾದದ್ದು ಏನು? ಈ ಪ್ರಶ್ನೆಯನ್ನು ಬಿಡದೆ ಹಿಂಬಾಲಿಸಿದರೆ ಅದು ನಮ್ಮನ್ನು ಬ್ಯಾಕ್ಟೀರಿಯಾದ ಬಳಿಗಲ್ಲ, ನೀರಿನ ಬಳಿಗೆ ಕರೆದೊಯ್ಯುತ್ತದೆ. ಮೀನುಕೊಳದ ರೋಗ ಬಹುಮಟ್ಟಿಗೆ ನೀರಿನಲ್ಲಿ ಶುರುವಾಗಿ ಮೀನಿನಲ್ಲಿ ಮುಗಿಯುತ್ತದೆ. ಜೊತೆಗೆ, ನಾವು ಕೊಲ್ಲಲು ಹೊರಡುವ ಬ್ಯಾಕ್ಟೀರಿಯಾ ಸಮೂಹವೇ ಆ ನೀರನ್ನು ಬದುಕಲು ಯೋಗ್ಯವಾಗಿ ಇಟ್ಟಿರುತ್ತದೆ.

ಇದನ್ನು ನಂಬಲು ಒಂದು ಸಣ್ಣ ಲೆಕ್ಕ ಮಾಡಿ ನೋಡಬೇಕು. ಒಂದು ಎಕರೆಯ, ಸರಾಸರಿ ಒಂದೂವರೆ ಮೀಟರ್ ಆಳದ ಕೊಳದಲ್ಲಿ ಸುಮಾರು 60 ಲಕ್ಷ ಲೀಟರ್ ನೀರಿರುತ್ತದೆ. ಅದರಲ್ಲಿ ಒಟ್ಟು 1 ಟನ್ ತೂಕದ ಮೀನಿದೆ, ದಿನಕ್ಕೆ ತೂಕದ ಶೇ. 2ರಷ್ಟು, ಅಂದರೆ 20 ಕಿಲೋ ಫೀಡ್ ಹಾಕುತ್ತೇವೆ ಎಂದಿಟ್ಟುಕೊಳ್ಳೋಣ. ಫೀಡಿನಲ್ಲಿ ಪ್ರೋಟೀನು ಶೇ. 28 ಇದ್ದರೆ ಪ್ರತಿ ಕಿಲೋದಲ್ಲಿ ಸುಮಾರು 45 ಗ್ರಾಂ ಸಾರಜನಕ ಇರುತ್ತದೆ. ಮೀನು ತನ್ನ ಮಾಂಸಕ್ಕೆ ಸೇರಿಸಿಕೊಳ್ಳುವುದು ಅದರಲ್ಲಿ ಕಾಲುಭಾಗದಿಂದ ಮೂರನೇ ಒಂದು ಭಾಗದಷ್ಟನ್ನು ಮಾತ್ರ. ಉಳಿದ 30 ಗ್ರಾಂಗೂ ಹೆಚ್ಚು ಸಾರಜನಕ ಕಿವಿರಿನಿಂದ ಅಮೋನಿಯಾ ಆಗಿ, ಮಲವಾಗಿ, ತಿನ್ನದೆ ಬಿಟ್ಟ ಕಾಳಾಗಿ ನೀರಿಗೇ ಬರುತ್ತದೆ. 20 ಕಿಲೋಗೆ 600 ಗ್ರಾಂ ಆಯಿತು. ಇದನ್ನು ತೆಗೆಯುವವರು ಯಾರೂ ಇಲ್ಲದಿದ್ದರೆ ಲೀಟರಿಗೆ ದಿನಕ್ಕೆ 0.1 ಮಿಲಿಗ್ರಾಂನಂತೆ ಏರಿ 20 ದಿನಕ್ಕೆ 2 ಮಿಲಿಗ್ರಾಂ ಮುಟ್ಟುತ್ತದೆ. ಮೀನು ಕೊಳದಲ್ಲಿ ಇರುವುದು 20 ದಿನವಲ್ಲ, ಹತ್ತು ತಿಂಗಳು. ಹೀಗಿದ್ದೂ ಹೆಚ್ಚಿನ ಕೊಳಗಳಲ್ಲಿ ಮೀನು ತನ್ನ ಹೊಲಸಿನಲ್ಲಿ ತಾನೇ ಸಾಯುವುದಿಲ್ಲ. ಏಕೆಂದರೆ ಈ 600 ಗ್ರಾಂ ಸಾರಜನಕವನ್ನು ದಿನದಿನವೂ ಖಾಲಿ ಮಾಡುವ ಎರಡು ದಂಡು ಅಲ್ಲಿ ಕೆಲಸ ಮಾಡುತ್ತಿರುತ್ತವೆ. ಮೊದಲನೆಯದು ನೀರಿಗೆ ಹಸಿರು ಬಣ್ಣ ಕೊಡುವ ತೇಲುಪಾಚಿ. ಬಿಸಿಲಿರುವ ಕೊಳದಲ್ಲಿ ಅಮೋನಿಯಾದ ದೊಡ್ಡ ಪಾಲನ್ನು ಗೊಬ್ಬರದಂತೆ ಹೀರಿಕೊಳ್ಳುವುದು ಇದೇ. ಎರಡನೆಯದು ಬ್ಯಾಕ್ಟೀರಿಯಾ.

ಅಮೋನಿಯಾವನ್ನು ಆಹಾರದಂತೆ ಬಳಸಿ ಬದುಕುವ ಬ್ಯಾಕ್ಟೀರಿಯಾ ಇವೆ ಎಂಬುದನ್ನು ತೋರಿಸಿಕೊಟ್ಟವನು ರಷ್ಯಾದ ಸೆರ್ಗೈ ವಿನೊಗ್ರಾಡ್‌ಸ್ಕಿ, 1890ರ ಸುಮಾರಿಗೆ. ಒಂದು ಗುಂಪು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಗುಂಪು ಆ ನೈಟ್ರೈಟನ್ನು ಹೆಚ್ಚು ಅಪಾಯವಿಲ್ಲದ ನೈಟ್ರೇಟ್ ಮಾಡುತ್ತದೆ. ಕೊಳದ ಆಮ್ಲಜನಕವಿಲ್ಲದ ಕೆಸರಿನ ಪದರದಲ್ಲಿ ಮೂರನೆಯದೊಂದು ಗುಂಪು ನೈಟ್ರೇಟನ್ನು ಒಡೆದು ಸಾರಜನಕವನ್ನು ಗಾಳಿಗೆ ಮರಳಿಸುತ್ತದೆ. ಈ ಸರಪಳಿಯ ಮೊದಲೆರಡು ಕೊಂಡಿಗಳಿಗೆ ಎರಡು ದೌರ್ಬಲ್ಯಗಳಿವೆ. ಅವು ಬಹಳ ನಿಧಾನಕ್ಕೆ ಬೆಳೆಯುತ್ತವೆ. ಕೊಳೆಯುವ ವಸ್ತುವನ್ನು ತಿನ್ನುವ ಸಾಮಾನ್ಯ ಬ್ಯಾಕ್ಟೀರಿಯಾ ಅನುಕೂಲ ಸಿಕ್ಕರೆ ಅರ್ಧ ಗಂಟೆಯೊಳಗೆ ಎರಡಾಗಬಲ್ಲದು. ಇವಕ್ಕೆ ಹತ್ತಾರು ಗಂಟೆ ಬೇಕು. ಹೊಸದಾಗಿ ನೀರು ತುಂಬಿದ ಕೊಳದಲ್ಲಿ ಮೊದಲು ಅಮೋನಿಯಾ ಏರಿ, ಅದು ಇಳಿಯುವ ಹೊತ್ತಿಗೆ ನೈಟ್ರೈಟ್ ಏರಿ, ಆಮೇಲಷ್ಟೇ ನೀರು ಸ್ಥಿರವಾಗುವುದು ಇದರಿಂದಲೇ. ಆ ನಡುವಿನ ವಾರಗಳಲ್ಲಿ ನೈಟ್ರೈಟ್ ಮೀನಿನ ರಕ್ತಕ್ಕೆ ಇಳಿದು ಆಮ್ಲಜನಕ ಹೊರುವ ಶಕ್ತಿಯನ್ನೇ ಕಸಿಯುತ್ತದೆ. ಅಂಥ ಮೀನಿನ ಕಿವಿರು ಎತ್ತಿ ನೋಡಿದರೆ ಕೆಂಪಿನ ಬದಲು ಕಂದು ಬಣ್ಣ ಕಾಣುತ್ತದೆ. ನೀರಿಗೆ ಲೆಕ್ಕ ಹಿಡಿದು ಅಡುಗೆ ಉಪ್ಪು ಹಾಕಿದರೆ ಅದರ ಕ್ಲೋರೈಡು ಕಿವಿರಿನ ಬಾಗಿಲಲ್ಲಿ ನೈಟ್ರೈಟಿಗೆ ಅಡ್ಡ ನಿಲ್ಲುತ್ತದೆ, ಯಾವ ಔಷಧಿಯೂ ಬೇಕಾಗುವುದಿಲ್ಲ. ಎರಡನೆಯ ದೌರ್ಬಲ್ಯ ಆಮ್ಲಜನಕದ ಹಸಿವು. 1 ಗ್ರಾಂ ಅಮೋನಿಯಾ ಸಾರಜನಕವನ್ನು ನೈಟ್ರೇಟ್ ಮಾಡಲು ಈ ಬ್ಯಾಕ್ಟೀರಿಯಾಗಳು 4.57 ಗ್ರಾಂ ಆಮ್ಲಜನಕ ತಿನ್ನುತ್ತವೆ, ನೀರಿನ ಕ್ಷಾರೀಯತೆಯಲ್ಲಿ 7 ಗ್ರಾಂ ಕರಗಿಸುತ್ತವೆ. ಅಂದರೆ ನೀರನ್ನು ಶುದ್ಧ ಮಾಡುವವರಿಗೂ ಮೀನಿಗೆ ಬೇಕಾದದ್ದೇ ಬೇಕು. ಆಮ್ಲಜನಕ ಕಡಿಮೆಯಾದ ಕೊಳದಲ್ಲಿ ಮೀನೂ ಸೋಲುತ್ತದೆ, ಅದನ್ನು ಕಾಯುವವರೂ ಸೋಲುತ್ತಾರೆ.

ಆ ಆಮ್ಲಜನಕ ಎಷ್ಟಿದೆ? ನಮ್ಮ ಬಯಲುಸೀಮೆಯ ಬೇಸಿಗೆಯಲ್ಲಿ ನೀರು 30 ಡಿಗ್ರಿಗೆ ಬಂದಾಗ ಗಾಳಿಯೊಂದಿಗೆ ಸಮತೂಕದಲ್ಲಿರುವ ಒಂದು ಲೀಟರ್ ನೀರು ಹಿಡಿದಿಡಬಲ್ಲ ಆಮ್ಲಜನಕ ಏಳೂವರೆ ಮಿಲಿಗ್ರಾಂ ಮಾತ್ರ. 20 ಡಿಗ್ರಿಯಲ್ಲಾದರೆ ಒಂಬತ್ತಕ್ಕೂ ಹೆಚ್ಚು. ಬಿಸಿ ಏರಿದಂತೆ ಮೀನಿಗೆ, ಬ್ಯಾಕ್ಟೀರಿಯಾಕ್ಕೆ ಬೇಕಾದದ್ದು ಹೆಚ್ಚುತ್ತದೆ, ನೀರಿನ ದಾಸ್ತಾನು ಕುಗ್ಗುತ್ತದೆ. ಹಗಲಿನಲ್ಲಿ ಪಾಚಿ ಆಮ್ಲಜನಕ ಬಿಡುತ್ತದೆ, ಮಧ್ಯಾಹ್ನ ಮೂರರ ಹೊತ್ತಿಗೆ ಹಸಿರು ಕೊಳದ ಮೇಲುನೀರಿನಲ್ಲಿ ಅದು ಹದಿನೈದು ಮಿಲಿಗ್ರಾಂ ದಾಟಿರಬಹುದು. ಸೂರ್ಯ ಮುಳುಗಿದ ಮೇಲೆ ಉತ್ಪಾದನೆ ನಿಲ್ಲುತ್ತದೆ, ಖರ್ಚು ನಿಲ್ಲುವುದಿಲ್ಲ. ರಾತ್ರಿಯಿಡೀ ಪಾಚಿ, ಮೀನು, ಕೆಸರು ಎಲ್ಲವೂ ಉಸಿರಾಡಿ, ಬೆಳಗಿನ ಜಾವ ಐದರ ಹೊತ್ತಿಗೆ ಆಮ್ಲಜನಕ ಇಡೀ ದಿನದ ಅತ್ಯಂತ ತಳಮಟ್ಟಕ್ಕೆ ಬಂದು ನಿಂತಿರುತ್ತದೆ. ಮೀನು ಮೇಲ್ಮೈಗೆ ಬಂದು ಬಾಯಿ ಬಿಡುತ್ತಾ ಗಾಳಿ ಗುಟುಕರಿಸುವುದು ಆಗಲೇ. ಕೊಳದ ಆರೋಗ್ಯ ಪರೀಕ್ಷೆಗೆ ಬರುವವರು ಸಾಮಾನ್ಯವಾಗಿ ಬರುವುದು ಬೆಳಿಗ್ಗೆ ಹನ್ನೊಂದಕ್ಕೋ ಮಧ್ಯಾಹ್ನಕ್ಕೋ. ಆಗ ತೆಗೆದ ನೀರಿನ ಮಾದರಿಯಲ್ಲಿ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಈ ಹಗಲು-ರಾತ್ರಿಯ ಉಯ್ಯಾಲೆಗೆ ಇನ್ನೊಂದು ಮುಖವೂ ಇದೆ. ಹಗಲಿನಲ್ಲಿ ಪಾಚಿ ನೀರಿನ ಇಂಗಾಲದ ಡೈಆಕ್ಸೈಡನ್ನು ಎಳೆದುಕೊಳ್ಳುವುದರಿಂದ ಪಿಎಚ್ ಏರುತ್ತದೆ. ಅಮೋನಿಯಾ ಎಷ್ಟು ವಿಷ ಎಂಬುದನ್ನು ತೀರ್ಮಾನಿಸುವುದು ಪಿಎಚ್. 28 ಡಿಗ್ರಿ ನೀರಿನಲ್ಲಿ ಪಿಎಚ್ 7 ಇದ್ದರೆ ಒಟ್ಟು ಅಮೋನಿಯಾದಲ್ಲಿ ವಿಷರೂಪದ್ದು ಶೇ. 1ಕ್ಕಿಂತ ಕಡಿಮೆ. ಪಿಎಚ್ 8ಕ್ಕೆ ಬಂದರೆ ಶೇ. 6ರಿಂದ 7. ಪಿಎಚ್ 9 ಆದರೆ ಶೇ. 40. ಮೇಲಿನ ಲೆಕ್ಕದ 2 ಮಿಲಿಗ್ರಾಂ ಅಮೋನಿಯಾ ಬೆಳಿಗ್ಗೆ ಮೀನಿಗೆ ಗೊತ್ತೇ ಆಗದಿರಬಹುದು, ಅದೇ ಸಂಜೆ ನಾಲ್ಕಕ್ಕೆ ಅದರ ಕಿವಿರನ್ನು ಸುಡಬಹುದು. ಪರೀಕ್ಷೆಯ ವರದಿಯಲ್ಲಿ ಪಿಎಚ್, ಉಷ್ಣತೆ, ಹೊತ್ತು ಯಾವುದನ್ನೂ ಬರೆಯದೆ ಬರೀ ಅಮೋನಿಯಾದ ಒಂದು ಸಂಖ್ಯೆ ಕೊಟ್ಟರೆ ಅದರಿಂದ ರೈತನಿಗೆ ಏನೂ ತಿಳಿಯುವುದಿಲ್ಲ.

ಕೊಳದ ತಳವನ್ನೂ ಒಮ್ಮೆ ಕೈಯಲ್ಲಿ ಹಿಡಿದು ನೋಡಬೇಕು. ಆರೋಗ್ಯವಾಗಿರುವ ಕೊಳದ ಕೆಸರನ್ನು ಕಲಕದಂತೆ ಎತ್ತಿದರೆ ಮೇಲೆ ಕೆಲವೇ ಮಿಲಿಮೀಟರ್ ದಪ್ಪದ ತಿಳಿಗಂದು ಪದರ, ಅದರ ಕೆಳಗೆ ಕಪ್ಪು ಮಣ್ಣು ಕಾಣುತ್ತದೆ. ಕಂದು ಪದರ ಅಂದರೆ ಅಲ್ಲಿಯವರೆಗೆ ಆಮ್ಲಜನಕ ಇಳಿದಿದೆ ಎಂದರ್ಥ. ಕಪ್ಪು ಭಾಗದಲ್ಲಿ ಆಮ್ಲಜನಕವಿಲ್ಲದೆ ಬದುಕುವ ಬ್ಯಾಕ್ಟೀರಿಯಾ ಸಲ್ಫೇಟನ್ನು ಬಳಸಿ ಹೈಡ್ರೋಜನ್ ಸಲ್ಫೈಡ್ ಬಿಡುತ್ತಿರುತ್ತವೆ. ಕೊಳೆತ ಮೊಟ್ಟೆಯ ವಾಸನೆ ಅದರದ್ದೇ. ಅತಿ ಸ್ವಲ್ಪ ಪ್ರಮಾಣದಲ್ಲೂ ಅದು ಮೀನಿಗೆ ಘೋರ ವಿಷ. ಕಂದು ಪದರ ಗಟ್ಟಿಯಾಗಿರುವಷ್ಟು ದಿನ ಮೇಲೇರುವ ಆ ಅನಿಲ ಅಲ್ಲೇ ಉರಿದು ಹೋಗುತ್ತದೆ. ತಿನ್ನದ ಫೀಡು, ಮಲ, ಸತ್ತ ಪಾಚಿ ತಳದಲ್ಲಿ ಕೂತಂತೆಲ್ಲ ಕಂದು ಪದರ ತೆಳುವಾಗಿ, ಒಂದು ದಿನ ಕಪ್ಪು ಮೇಲ್ಮೈಗೇ ಬರುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ ಕಾದ ಕೊಳದ ಮೇಲೆ ಸಂಜೆ ಒಂದು ಜೋರು ಮಳೆ ಬಿದ್ದು, ತಣ್ಣನೆಯ ನೀರು ತಳಕ್ಕಿಳಿದು, ತಳದ ಸತ್ತ ನೀರು ಮೇಲೆದ್ದು ಬೆರೆತಾಗ ರಾತ್ರೋರಾತ್ರಿ ಮೀನು ಸಾಯುವುದು ಹೀಗೆ. ಮರುದಿನ ಊರಲ್ಲಿ ಯಾರೋ ವಿಷ ಹಾಕಿದರು ಎಂಬ ಸುದ್ದಿ ಹುಟ್ಟಿದರೆ ಅದರಲ್ಲಿ ಆಶ್ಚರ್ಯವಿಲ್ಲ, ಮೀನು ಸತ್ತಿರುವುದು ವಿಷದಿಂದಲೇ. ಆದರೆ ಆ ವಿಷ ತಿಂಗಳುಗಟ್ಟಲೆ ಕೊಳದೊಳಗೇ ತಯಾರಾದದ್ದು.

ಈಗ ಏರೋಮೊನಾಸ್‌ಗೆ ಮರಳೋಣ. ಸಾಯದೆ ಉಳಿದ ಮೀನುಗಳ ಕಥೆ ಬೇರೆ. ಹಲವು ಬೆಳಗುಗಳಲ್ಲಿ ಉಸಿರು ಸಿಗದೆ ಒದ್ದಾಡಿದ, ಹಲವು ಸಂಜೆಗಳಲ್ಲಿ ಅಮೋನಿಯಾಕ್ಕೆ ಕಿವಿರು ಸುಟ್ಟುಕೊಂಡ ಮೀನಿನ ಮೈಯ ಲೋಳೆ ಪದರ ಹಾಳಾಗಿರುತ್ತದೆ, ರೋಗ ತಡೆಯುವ ಶಕ್ತಿ ಇಳಿದಿರುತ್ತದೆ. ಕೊಳೆಯುವ ವಸ್ತು ಹೆಚ್ಚಾದ ನೀರಿನಲ್ಲಿ ಏರೋಮೊನಾಸ್ ಸಂಖ್ಯೆ ಅದೇ ಹೊತ್ತಿಗೆ ಏರಿರುತ್ತದೆ. ಎರಡೂ ಕೂಡಿದಾಗ ಹುಣ್ಣು, ಜಲೋದರ, ರಕ್ತಸ್ರಾವ. ನೀರು ಕೆಟ್ಟ ದಿನಕ್ಕೂ ಹುಣ್ಣು ಕಂಡ ದಿನಕ್ಕೂ ನಡುವೆ ಒಂದೆರಡು ವಾರ ಸರಿದಿರುವುದರಿಂದ ಸಂಬಂಧ ಮರೆಯಾಗಿ, ಹುಣ್ಣಿನಲ್ಲಿ ಸಿಕ್ಕ ಬ್ಯಾಕ್ಟೀರಿಯಾ ಮಾತ್ರ ಕಣ್ಣಿಗೆ ಬೀಳುತ್ತದೆ. ಈ ತರಹದ ದಾರಿತಪ್ಪುವಿಕೆಗೆ ನಮ್ಮ ದೇಶವೇ ದೊಡ್ಡ ಸಾಕ್ಷಿ ಕಂಡಿದೆ. 1988ರಲ್ಲಿ ಈಶಾನ್ಯ ರಾಜ್ಯಗಳ ಮೂಲಕ ಒಳಬಂದು ಮುಂದಿನ ಕೆಲವೇ ವರ್ಷಗಳಲ್ಲಿ ದಕ್ಷಿಣದವರೆಗೂ ಹಬ್ಬಿದ ಮೀನುಹುಣ್ಣು ರೋಗದಲ್ಲಿ ಗಾಯ ಕೆರೆದಾಗಲೆಲ್ಲ ಏರೋಮೊನಾಸ್ ಸಿಗುತ್ತಿತ್ತು. ರೋಗದ ಬೇರು ಅಫಾನೊಮೈಸಿಸ್ ಇನ್ವಾಡಾನ್ಸ್ ಎಂಬ, ಶಿಲೀಂಧ್ರವನ್ನು ಹೋಲುವ ಬೇರೆಯೇ ಜೀವಿ ಎಂಬುದು ಸ್ಪಷ್ಟವಾದದ್ದು ಆಮೇಲೆ. ಮಳೆಗಾಲ ಮುಗಿದು ನೀರು ತಣ್ಣಗಾಗುವ ತಿಂಗಳುಗಳಲ್ಲಿ, ಆಮ್ಲೀಯ ಮಣ್ಣಿನ, ಕ್ಷಾರೀಯತೆ ಕಡಿಮೆ ಇರುವ ನೀರಿನಲ್ಲಿ ಅದರ ಹಾವಳಿ ಹೆಚ್ಚು. ಬ್ಯಾಕ್ಟೀರಿಯಾದ ಔಷಧಿ ಆ ಬೇರನ್ನು ಮುಟ್ಟುವಂತಿರಲಿಲ್ಲ. ಕೊಳಕ್ಕೆ ಹಾಕಿದ ಸುಣ್ಣ ಹೆಚ್ಚು ಉಪಕಾರ ಮಾಡಿತು.

ಆ್ಯಂಟಿಬಯಾಟಿಕ್ ವಿಷಯದಲ್ಲಿ ನನ್ನ ತಕರಾರು ನೀತಿಯದ್ದಷ್ಟೇ ಅಲ್ಲ, ಅದು ಕೊಳದಲ್ಲಿ ಕೆಲಸ ಮಾಡುವ ಬಗೆಯದ್ದು. ಔಷಧಿಯನ್ನು ಫೀಡಿಗೆ ಬೆರೆಸಿ ಕೊಡುತ್ತಾರೆ. ಕಾಯಿಲೆಯಾದ ಮೀನು ಮೊದಲು ಬಿಡುವುದೇ ತಿನ್ನುವುದನ್ನು. ಹಾಗಾಗಿ ಔಷಧಿ ಸೇರುವುದು ಇನ್ನೂ ಚೆನ್ನಾಗಿರುವ ಮೀನಿನ ಹೊಟ್ಟೆಗೆ ಮತ್ತು ಕೆಸರಿಗೆ. ಆಕ್ಸಿಟೆಟ್ರಾಸೈಕ್ಲಿನ್‌ನಂಥ ಔಷಧಿಯಲ್ಲಿ ಮೀನು ಹೀರಿಕೊಳ್ಳುವುದು ಸ್ವಲ್ಪ, ಬಹುಪಾಲು ಹಾಗೆಯೇ ಹೊರಬರುತ್ತದೆ. ಕೆಸರಿಗೆ ಸೇರಿದ ಔಷಧಿ ಅಲ್ಲಿ ಅಮೋನಿಯಾ ತಿನ್ನುತ್ತಿದ್ದ ನಿಧಾನಗತಿಯ ಬ್ಯಾಕ್ಟೀರಿಯಾಗಳನ್ನೂ ಹೊಡೆಯಬಲ್ಲದು. ಹಾಗಾದಾಗ ಅಮೋನಿಯಾ ಮತ್ತೆ ಏರಿ, ರೋಗಕ್ಕೆ ಕಾರಣವಾದ ಸ್ಥಿತಿಯನ್ನೇ ಚಿಕಿತ್ಸೆ ಹೊಸದಾಗಿ ತಂದಿಡುತ್ತದೆ. ಉಳಿದುಕೊಳ್ಳುವವು ಔಷಧಿಗೆ ಜಗ್ಗದ ತಳಿಗಳು. ಇವು ಕೊಳದಲ್ಲೇ ಇರುತ್ತವೆ ಎಂದು ಸಮಾಧಾನ ಪಡುವಂತಿಲ್ಲ. ಸಿಪ್ರೊಫ್ಲಾಕ್ಸಸಿನ್ ಮೊದಲಾದ ಔಷಧಿಗಳ ಪೆಟ್ಟನ್ನು ತಗ್ಗಿಸುವ, ಆಸ್ಪತ್ರೆಗಳಲ್ಲಿ ತಲೆನೋವಾಗಿರುವ ಒಂದು ಜೀನಿನ ಮೂಲವನ್ನು ಹುಡುಕಿದ ಫ್ರಾನ್ಸಿನ ಸಂಶೋಧಕರಿಗೆ 2005ರಲ್ಲಿ ಅದು ಸಿಕ್ಕಿದ್ದು ಶೆವನೆಲ್ಲಾ ಎಂಬ ನೀರಿನ ಬ್ಯಾಕ್ಟೀರಿಯಾದಲ್ಲಿ. ನೀರಿನ ಬ್ಯಾಕ್ಟೀರಿಯಾಗಳು ಇಂಥ ಜೀನುಗಳನ್ನು ಒಂದಕ್ಕೊಂದು ದಾಟಿಸುತ್ತಲೇ ಇರುತ್ತವೆ. ಮನುಷ್ಯರ ರೋಗಾಣುಗಳಿಗೂ ದಾಟಿಸುತ್ತವೆ. ರಫ್ತಾಗುವ ಸೀಗಡಿಯಲ್ಲಿ ಕ್ಲೋರಾಂಫೆನಿಕಾಲ್, ನೈಟ್ರೊಫ್ಯುರಾನ್‌ಗಳ ಲವಲೇಶ ಸಿಕ್ಕರೂ ಸರಕು ಹಿಂದಕ್ಕೆ ಬರುತ್ತದೆ. ನಮ್ಮ ಸಂತೆಗೆ ಬರುವ ಕಾಟ್ಲಾಕ್ಕೆ ಅಷ್ಟು ಬಿಗಿಯಾದ ಪರೀಕ್ಷೆ ನಡೆಯುವುದಿಲ್ಲ. ನಮ್ಮ ತಟ್ಟೆಯ ಮೀನಿಗೆ ಬೇರೊಂದು ಅಳತೆ ಇರಬೇಕಾದ ಕಾರಣ ನನಗಂತೂ ತೋಚುವುದಿಲ್ಲ.

ಆ್ಯಂಟಿಬಯಾಟಿಕ್ ಇಲ್ಲದೆ ದೊಡ್ಡ ಪ್ರಮಾಣದ ಮೀನು ಸಾಕಣೆ ಆಗದು ಎನ್ನುವವರಿಗೆ ನಾರ್ವೆಯ ಅನುಭವ ಉತ್ತರ ಕೊಡುತ್ತದೆ. 1987ರಲ್ಲಿ ಆ ದೇಶದ ಸಾಲ್ಮನ್ ಸಾಕಣೆಗೆ ಸುಮಾರು 50 ಟನ್ ಆ್ಯಂಟಿಬಯಾಟಿಕ್ ಬಳಕೆಯಾಗಿತ್ತು, ಆಗಿನ ಉತ್ಪಾದನೆ ಈಗಿನದರ ಸಣ್ಣ ಅಂಶ. ಲಸಿಕೆ ಬಂತು, ಸಾಕುವ ಜಾಗಗಳ ನಡುವೆ ಅಂತರ ಇಟ್ಟರು, ಒಂದು ಬೆಳೆಯಾದ ಮೇಲೆ ಜಾಗಕ್ಕೆ ಬಿಡುವು ಕೊಟ್ಟರು. ಇವತ್ತು 10 ಲಕ್ಷ ಟನ್ನಿಗೂ ಮೀರಿ ಮೀನು ಬೆಳೆದು ವರ್ಷಕ್ಕೆ 1 ಟನ್ನಿಗಿಂತ ಕಡಿಮೆ ಔಷಧಿ ಬಳಸುತ್ತಾರೆ. ಅವರದು ತಣ್ಣನೆಯ ಸಮುದ್ರ, ನಮ್ಮದು ನಿಂತ ಕೊಳ, ನಮ್ಮ ಗೆಂಡೆಗಳಿಗೆ ಅಂಥ ಲಸಿಕೆಯ ವ್ಯವಸ್ಥೆ ಬೆಳೆದಿಲ್ಲ. ಹೋಲಿಕೆ ಅಲ್ಲಿಗೇ ನಿಲ್ಲಬೇಕು. ಆದರೂ ಔಷಧಿ ಇಳಿದರೆ ಇಳುವರಿ ಇಳಿಯುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ ಎಂಬಷ್ಟು ಅದರಿಂದ ಖಚಿತವಾಗುತ್ತದೆ.

ಔಷಧಿಯ ಅಪಾಯ ತಿಳಿದವರು ಈಗ ಇನ್ನೊಂದು ದಿಕ್ಕಿಗೆ ವಾಲುತ್ತಿದ್ದಾರೆ. ಕೆಟ್ಟ ಬ್ಯಾಕ್ಟೀರಿಯಾ ಕೊಲ್ಲುವ ಬದಲು ಒಳ್ಳೆಯ ಬ್ಯಾಕ್ಟೀರಿಯಾ ಸುರಿಯೋಣ ಎಂದು ಪ್ರೋಬಯಾಟಿಕ್ ಪುಡಿ, ಬಾಟಲಿಗಳನ್ನು ಕೊಳಕ್ಕೆ ಹಾಕುತ್ತಾರೆ. ಕೇಳಲು ಹಿತವಾಗಿದೆ, ಮಾರಾಟವೂ ಜೋರಾಗಿದೆ. ಇದರ ಹಿಂದೆ ಹಾಲಿಗೆ ಹೆಪ್ಪು ಹಾಕುವ ಕಲ್ಪನೆ ಕೆಲಸ ಮಾಡುತ್ತಿರುವಂತಿದೆ: ಒಂದು ಚಮಚ ಮಜ್ಜಿಗೆ ಇಡೀ ಪಾತ್ರೆಯನ್ನು ಮೊಸರು ಮಾಡುತ್ತದೆ, ಹಾಗೆಯೇ ಒಂದು ಕಿಲೋ ಪುಡಿ ಕೊಳವನ್ನು ತಿದ್ದುತ್ತದೆ ಎಂದು. ಆದರೆ ಹೆಪ್ಪು ಹಿಡಿಯುವುದು ಕಾಯಿಸಿದ ಹಾಲಿಗೆ, ಅಲ್ಲಿ ಎದುರಾಳಿಗಳು ಹೆಚ್ಚುಕಡಿಮೆ ಸತ್ತಿರುತ್ತವೆ. ಕೊಳದ ನೀರು ಹಾಗಲ್ಲ, ಅದರ ಒಂದೊಂದು ಮಿಲಿಲೀಟರಿನಲ್ಲೂ ಸುಮಾರು 10 ಲಕ್ಷ ಬ್ಯಾಕ್ಟೀರಿಯಾ ಆಗಲೇ ಇರುತ್ತವೆ. ಗ್ರಾಂಗೆ 100 ಕೋಟಿ ಬ್ಯಾಕ್ಟೀರಿಯಾ ಇರುವ 1 ಕಿಲೋ ಪುಡಿಯನ್ನು ನಮ್ಮ ಒಂದು ಎಕರೆ ಕೊಳಕ್ಕೆ ಹಾಕಿದರೆ, ಹೊಸಬರು ಒಬ್ಬರಿಗೆ ಹಳಬರು ಆರು ಸಾವಿರ ಮಂದಿ. ಇದು ಕೆಸರನ್ನು ಲೆಕ್ಕಕ್ಕೆ ಹಿಡಿಯದೆ. ಇನ್ನೊಂದು ತೊಡಕೂ ಇದೆ. ಪುಡಿಯಾಗಿ ತಿಂಗಳುಗಟ್ಟಲೆ ಬಾಳುವುದು ಬೀಜಕ ಕಟ್ಟಬಲ್ಲ ಬ್ಯಾಸಿಲಸ್ ಜಾತಿಗಳು. ಅಮೋನಿಯಾವನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾಗಳಿಗೆ ಬೀಜಕ ಕಟ್ಟಲು ಬರುವುದಿಲ್ಲ, ಒಣಪುಡಿಯಲ್ಲಿ ಅವು ಹಾಗೆ ಉಳಿಯಲಾರವು. ಬ್ಯಾಸಿಲಸ್ ಕೊಳೆಯುವ ವಸ್ತುವನ್ನು ಒಡೆಯುತ್ತದೆ ನಿಜ. ಪ್ರೋಟೀನನ್ನು ಒಡೆದಾಗ ಹೊರಬರುವುದು ಅಮೋನಿಯಾ, ಒಡೆಯಲು ಬೇಕಾಗುವುದು ಆಮ್ಲಜನಕ. ಆಮ್ಲಜನಕ ಮುಗಿದ ಕೊಳಕ್ಕೆ ಇನ್ನಷ್ಟು ಉಸಿರಾಡುವವರನ್ನು ಕಳುಹಿಸಿದರೆ ಏನಾಗಬೇಕು? ಅಮೆರಿಕದ ಆಬರ್ನ್ ವಿಶ್ವವಿದ್ಯಾಲಯದ ಕ್ಲಾಡ್ ಬಾಯ್ಡ್ ಮತ್ತು ಸಂಗಡಿಗರು ಕ್ಯಾಟ್‌ಫಿಶ್ ಕೊಳಗಳಲ್ಲಿ ಇಂಥ ಬ್ಯಾಕ್ಟೀರಿಯಾ ಹಾಕಿ, ಹಾಕದೆ ಹೋಲಿಸಿ ನೋಡಿದ್ದಾರೆ. ನೀರಿನ ಗುಣದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಅಷ್ಟಾಗಿ ಕಾಣಲಿಲ್ಲ. 1998ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಬದುಕುಳಿದ ಮೀನಿನ ಸಂಖ್ಯೆ ಹೆಚ್ಚಿತ್ತು ಎಂಬುದನ್ನೂ ಹೇಳಬೇಕು. ಮರಿ ಉತ್ಪಾದನಾ ಕೇಂದ್ರದ ತೊಟ್ಟಿಗಳಲ್ಲಿ, ಬಯೋಫ್ಲಾಕ್ ಟ್ಯಾಂಕಿನಂಥ ಮುಚ್ಚಿದ ವ್ಯವಸ್ಥೆಯಲ್ಲಿ, ಮೇವಿನ ಮೂಲಕ ಕರುಳಿಗೆ ಕೊಟ್ಟಾಗ ಇವಕ್ಕೆ ಉಪಯೋಗವಿದೆ. ತೆರೆದ ಕೊಳದ ಕೆಟ್ಟ ನೀರನ್ನು ಪುಡಿ ಸರಿಮಾಡುತ್ತದೆ ಎಂಬ ಮಾತಿಗೆ ಮಾತ್ರ ಪುರಾವೆ ತೆಳು. ತಮ್ಮ ಕೊಳದಲ್ಲಿ ಗುಣ ಕಂಡೆವು ಎನ್ನುವ ರೈತರು ಸುಳ್ಳು ಹೇಳುತ್ತಿಲ್ಲ. ಪುಡಿ ಹಾಕುವ ವಾರದಲ್ಲೇ ಅವರು ಫೀಡು ಕಡಿಮೆ ಮಾಡಿರುತ್ತಾರೆ, ಹೊಸ ನೀರು ಬಿಟ್ಟಿರುತ್ತಾರೆ, ಸುಣ್ಣ ಹಾಕಿರುತ್ತಾರೆ. ಗುಣ ಕೊಟ್ಟದ್ದು ಯಾವುದು ಎಂದು ಹಾಕದ ಇನ್ನೊಂದು ಕೊಳವಿಲ್ಲದೆ ತಿಳಿಯುವುದಿಲ್ಲ.

ಬಲವಾದ ಆಕ್ಷೇಪ ಒಂದಿದೆ, ಅದನ್ನು ಹಗುರವಾಗಿ ತಳ್ಳಿಹಾಕಲು ಬರುವುದಿಲ್ಲ. ಕೆಲವು ಬ್ಯಾಕ್ಟೀರಿಯಾ ನಿಜಕ್ಕೂ ಹಂತಕರು. 2009ರಲ್ಲಿ ಅಮೆರಿಕದ ಅಲಬಾಮಾದ ಕ್ಯಾಟ್‌ಫಿಶ್ ಕೊಳಗಳಲ್ಲಿ ಏರೋಮೊನಾಸ್‌ನದೇ ಒಂದು ತಳಿ ಮಾರುಕಟ್ಟೆಗೆ ಸಿದ್ಧವಾಗಿದ್ದ ಮೀನುಗಳನ್ನು ರಾಶಿರಾಶಿಯಾಗಿ ಕೊಂದಿತು. ಅದು ಚೀನಾದ ಗೆಂಡೆಗಳಲ್ಲಿ ಕಂಡ ತಳಿಗೆ ಹತ್ತಿರದ ನೆಂಟ ಎಂದು ವಂಶವಾಹಿ ಪರೀಕ್ಷೆ ತೋರಿಸಿತು. ಆಗ್ನೇಯ ಏಷ್ಯಾದ ಸೀಗಡಿ ಕೊಳಗಳನ್ನು ಬರಿದು ಮಾಡಿದ ರೋಗಕ್ಕೆ ವಿಬ್ರಿಯೊ ಬ್ಯಾಕ್ಟೀರಿಯಾದ ಒಂದು ವಿಷಕಾರಿ ಬಗೆ ಕಾರಣ ಎಂದು ಅರಿಜೋನಾ ವಿಶ್ವವಿದ್ಯಾಲಯದ ಡೊನಾಲ್ಡ್ ಲೈಟ್ನರ್ ತಂಡ 2013ರಲ್ಲಿ ಗುರುತಿಸಿತು. ಇವುಗಳ ಎದುರು ನೀರು ಚೆನ್ನಾಗಿಟ್ಟುಕೊಂಡ ಮಾತ್ರಕ್ಕೆ ಗೆಲ್ಲುತ್ತೇವೆ ಎನ್ನುವುದು ಸುಳ್ಳು ಭರವಸೆ. ಆದರೆ ಇಂಥ ತಳಿ ಕೊಳಕ್ಕೆ ಬರುವ ಮುಖ್ಯ ದಾರಿ ಯಾವುದು ಎಂದು ನೋಡಿದರೆ ಅದು ಮರಿ, ಬಲೆ, ಪಕ್ಕದ ಕೊಳದ ನೀರು. ಎಲ್ಲಿಂದಲೋ ತಂದ ಮರಿಯನ್ನು ಪರೀಕ್ಷೆಯಿಲ್ಲದೆ, ಬೇರೆ ತೊಟ್ಟಿಯಲ್ಲಿ ಕೆಲವು ದಿನ ಇಟ್ಟು ನೋಡದೆ ನೇರ ಕೊಳಕ್ಕೆ ಬಿಡುವುದು, ಒಂದೇ ಬಲೆಯನ್ನು ಒಣಗಿಸದೆ ಕೊಳದಿಂದ ಕೊಳಕ್ಕೆ ಒಯ್ಯುವುದು ನಿಲ್ಲಬೇಕು. ಬಂದ ಮೇಲೆ ಔಷಧಿಗೆ ಓಡುವುದಕ್ಕಿಂತ ಬಾರದಂತೆ ಬಾಗಿಲು ಕಾಯುವುದು ಇಲ್ಲಿಯೂ ಮುಖ್ಯ. ಹಂತಕ ತಳಿ ಒಳಬಂದ ಕೊಳಗಳಲ್ಲೂ ಹೆಚ್ಚು ಸಾವು ಕಾಣುವುದು ಬಿಸಿನೀರಿನ, ಫೀಡು ಜೋರಾಗಿರುವ ತಿಂಗಳುಗಳಲ್ಲಿ.

ಇನ್ನೊಂದು ಆಕ್ಷೇಪ ಹಳ್ಳಿಯ ಅನುಭವದಿಂದ ಬರುತ್ತದೆ. ಹಿಂದಿನವರು ಕೊಳಕ್ಕೆ ಗಾಡಿಗಟ್ಟಲೆ ಸಗಣಿ ಹಾಕುತ್ತಿದ್ದರು, ಮೀನು ದಷ್ಟಪುಷ್ಟವಾಗಿಯೇ ಬೆಳೆಯಿತಲ್ಲ? ಬೆಳೆಯಿತು, ಏಕೆಂದರೆ ಮೀನು ವಿರಳವಾಗಿತ್ತು, ಫೀಡು ಇರಲಿಲ್ಲ. ಇದರ ದೊಡ್ಡ ಉದಾಹರಣೆ ಕೋಲ್ಕತ್ತದ ಪೂರ್ವದ ಜೌಗು ಪ್ರದೇಶ. 12,500 ಹೆಕ್ಟೇರಿನ, 2002ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದ ಆ ಜಾಗದಲ್ಲಿ ಮಹಾನಗರದ ಕೊಳಚೆ ನೀರಿನಲ್ಲೇ ಮೀನು ಸಾಕುತ್ತಾರೆ. ಅಲ್ಲಿಯವರು ಕೊಳಚೆಯನ್ನು ಆಳವಿಲ್ಲದ ಕೊಳಗಳಿಗೆ ಅಳೆದು ಬಿಡುತ್ತಾರೆ, ಮೊದಲು ಬಿಸಿಲಿಗೆ ಬಿಟ್ಟು ಕಾಯುತ್ತಾರೆ, ನೀರಿನ ಬಣ್ಣ ನೋಡಿ ಮುಂದಿನ ಪಾಲು ಬಿಡುತ್ತಾರೆ. ಬ್ಯಾಕ್ಟೀರಿಯಾ ಕೊಳಚೆಯನ್ನು ಒಡೆಯುತ್ತದೆ, ಪಾಚಿ ಅದಕ್ಕೆ ಆಮ್ಲಜನಕ ಕೊಡುತ್ತದೆ, ಮೀನು ಪಾಚಿಯನ್ನು ತಿನ್ನುತ್ತದೆ. ಬೆಂಗಳೂರಿನ ಹಲಸೂರು ಕೆರೆಗೂ ಕೊಳಚೆಯೇ ಸೇರುತ್ತಿತ್ತು. 2016ರ ಮಾರ್ಚಿನಲ್ಲಿ ಅಲ್ಲಿ ಸಾವಿರಾರು ಮೀನು ಸತ್ತು ದಡಕ್ಕೆ ಬಂದವು, ನೀರಿನಲ್ಲಿ ಆಮ್ಲಜನಕ ಕುಸಿದಿತ್ತು. ಕೊಳಚೆ ಎರಡೂ ಕಡೆ ಒಂದೇ ಜಾತಿಯದು, ಬ್ಯಾಕ್ಟೀರಿಯಾವೂ ಒಂದೇ ಜಾತಿಯವು. ಒಂದು ಕಡೆ ಬರುವ ಹೊರೆ ಪಾಚಿ ಕೊಡಬಲ್ಲ ಆಮ್ಲಜನಕದ ಮಿತಿಯೊಳಗಿತ್ತು, ಇನ್ನೊಂದು ಕಡೆ ಆ ಮಿತಿಯನ್ನು ನೋಡುವವರೇ ಇರಲಿಲ್ಲ.

ಉಳಿದದ್ದು ದುಡ್ಡಿನ ಪ್ರಶ್ನೆ. ಮೀನು ವಿರಳವಾಗಿ ಬಿಟ್ಟರೆ, ಫೀಡು ಹಿಡಿದು ಹಾಕಿದರೆ ಆದಾಯ ಇಳಿಯುವುದಿಲ್ಲವೇ? ಮೀನು ತಿನ್ನದ ಫೀಡಿಗೂ ರೈತ ದುಡ್ಡು ಕೊಟ್ಟಿರುತ್ತಾನೆ, ಅದೇ ಫೀಡು ಕೆಸರಿಗಿಳಿದು ಅವನ ಮೀನನ್ನು ಕೊಲ್ಲುತ್ತದೆ. ಬೆಳಗಿನ ಜಾವ ಆಮ್ಲಜನಕ 3 ಮಿಲಿಗ್ರಾಂಗೆ ಇಳಿಯುವ ಕೊಳದಲ್ಲಿ ಮೀನು ಮೇವಿಗೆ ಸರಿಯಾಗಿ ಬಾರದು, ತಿಂದದ್ದೂ ಮೈಗೆ ಹತ್ತದು. ಹಾಗಾಗಿ ಮೋಡ ಮುಚ್ಚಿದ ದಿನ, ಮೀನು ಬಾಯಿ ಬಿಟ್ಟ ದಿನ ಫೀಡು ನಿಲ್ಲಿಸುವುದು ನಷ್ಟದ ಲೆಕ್ಕವಲ್ಲ. ಇದಕ್ಕೆ ದೊಡ್ಡ ಉಪಕರಣವೂ ಬೇಡ. ಕೈಯನ್ನು ನೀರಿಗೆ ಇಳಿಸುತ್ತಾ ಹೋಗಿ, ಮೊಣಕೈ ಮುಳುಗುವ ಹೊತ್ತಿಗೆ ಅಂಗೈ ಕಾಣದಾದರೆ ಪಾಚಿ ಹದವಾಗಿದೆ. ಮಣಿಕಟ್ಟು ಮುಳುಗುವಷ್ಟರಲ್ಲೇ ಅಂಗೈ ಮರೆಯಾದರೆ ಅಂದು ರಾತ್ರಿ ಎಚ್ಚರವಾಗಿರಬೇಕು. ಆದರೆ ಸಲಹೆ ಊರಿಂದೂರಿಗೆ ಬದಲಾಗಬೇಕು, ಈಗ ಹಾಗಾಗುತ್ತಿಲ್ಲ. ಮಲೆನಾಡು, ಕರಾವಳಿಯ ಜಂಬಿಟ್ಟಿಗೆ ಮಣ್ಣಿನ ಕೊಳಗಳಲ್ಲಿ ಕ್ಷಾರೀಯತೆ ತೀರಾ ಕಡಿಮೆ, ಅಲ್ಲಿ ಸುಣ್ಣವೇ ಮೊದಲ ಔಷಧಿ. ಬಯಲುಸೀಮೆಯ ಗಡುಸು ಕೊಳವೆಬಾವಿ ನೀರಿನಲ್ಲಿ ಕ್ಷಾರೀಯತೆ ಆಗಲೇ ಧಾರಾಳ. ಸಂಜೆ ಪಿಎಚ್ 9 ಇರುವ ಕೊಳಕ್ಕೆ ಯಾರದೋ ಮಾತು ಕೇಳಿ ಸುಟ್ಟ ಸುಣ್ಣ ಎರಚಿದರೆ ಇದ್ದ ಅಮೋನಿಯಾವೆಲ್ಲ ವಿಷವಾಗಿ ತಿರುಗುತ್ತದೆ. ಕೊಳವೆಬಾವಿಯ ನೀರು ನೆಲದಿಂದ ಬರುವಾಗ ಅದರಲ್ಲಿ ಆಮ್ಲಜನಕ ಇರುವುದೇ ಕಡಿಮೆ, ಪೈಪನ್ನು ನೀರೊಳಗೆ ಇಳಿಸದೆ ಎತ್ತರದಿಂದ ಕಲ್ಲಿನ ಮೇಲೆ ಬೀಳಿಸಿ ಬಿಡಬೇಕು.

ಕೃಷಿಭಾಗ್ಯ ಯೋಜನೆ 2014ರಲ್ಲಿ ಶುರುವಾದ ಮೇಲೆ ರಾಜ್ಯದ ಒಣಭೂಮಿಯಲ್ಲಿ ತೋಡಿದ ಪ್ಲಾಸ್ಟಿಕ್ ಹೊದಿಕೆಯ ಕೃಷಿ ಹೊಂಡಗಳಲ್ಲೂ ಈಗ ಮೀನು ಬಿಡುತ್ತಾರೆ. ನೀರು ಇಂಗದಿರಲಿ ಎಂದು ಹಾಕಿದ ಆ ಹಾಳೆ ನೀರಿಗೂ ಮಣ್ಣಿಗೂ ಇದ್ದ ಸಂಬಂಧವನ್ನು ಕಡಿದಿರುತ್ತದೆ. ಪಿಎಚ್ ಹಿಡಿದಿಡುವ ಮಣ್ಣಿಲ್ಲ, ನೈಟ್ರೇಟ್ ಒಡೆಯುವ ಕೆಸರಿಲ್ಲ, ಬದಿ ಕಡಿದಾಗಿ ಆಳ ಹೆಚ್ಚಿರುವುದರಿಂದ ತಳದ ನೀರಿಗೆ ಗಾಳಿ ತಾಗುವುದು ಕಷ್ಟ, ಬೇಸಿಗೆಯಲ್ಲಿ ಬೆಳೆಗೆ ನೀರೆತ್ತಿದಂತೆ ಉಳಿದ ಸ್ವಲ್ಪ ನೀರಿನಲ್ಲಿ ಅದೇ ಸಂಖ್ಯೆಯ, ಈಗ ದೊಡ್ಡದಾದ ಮೀನು ಒತ್ತೊತ್ತಾಗುತ್ತದೆ. ಎಕರೆಗೆ ಇಷ್ಟು ಮರಿ ಎಂಬ ಮಣ್ಣುಕೊಳದ ಲೆಕ್ಕವನ್ನು ಇಲ್ಲಿಗೆ ಹಾಗೆಯೇ ತರಬಾರದು. ಏಪ್ರಿಲ್‌ನಲ್ಲಿ ಎಷ್ಟು ನೀರು ಉಳಿಯುತ್ತದೋ ಅದನ್ನು ನೋಡಿ ಆಗಸ್ಟಿನಲ್ಲಿ ಮರಿ ಬಿಡಬೇಕು, ನೀರು ಇಳಿಯತೊಡಗಿದಂತೆ ದೊಡ್ಡ ಮೀನನ್ನು ಹಿಡಿದು ಮಾರುತ್ತಾ ಹೊರೆ ಇಳಿಸಬೇಕು. ಮರಿ ಕೊಡುವ ಇಲಾಖೆ ಅದರ ಜೊತೆಗೆ ಹೋಬಳಿಗೊಂದು ಆಮ್ಲಜನಕ ಮೀಟರು, ಅಮೋನಿಯಾ ಮತ್ತು ಪಿಎಚ್ ಅಳೆಯುವ ಕಿಟ್ಟು, ಬೆಳಗಿನ ಜಾವ ಅದನ್ನು ಹಿಡಿದು ಹೊಂಡದಿಂದ ಹೊಂಡಕ್ಕೆ ಹೋಗಿ ಬರೆದಿಡುವ ತರಬೇತಿ ಪಡೆದ ಒಬ್ಬ ಹುಡುಗ ಅಥವಾ ಹುಡುಗಿಯನ್ನು ಕೊಟ್ಟರೆ, ಔಷಧಿ ಅಂಗಡಿಗೆ ಹೋಗುವ ಹಣದಲ್ಲಿ ಬಹಳಷ್ಟು ರೈತನ ಮನೆಯಲ್ಲೇ ಉಳಿಯುತ್ತದೆ.